ಬಾದಾಮಿ ಹಿಟ್ಟಿನ ರೊಟ್ಟಿ

ಜೋಳದ ಹಿಟ್ಟು ಗಿರಣಿಯ ಬಾಯಿಂದ ಡಬ್ಬಿಗೆ ಬೀಳುತ್ತಿದೆ, ಬಿಸಿ ಬಿಸಿಯಾಗಿ, ಆ ವಾಸನೆ ಮೂಗಿಗೆ ಹತ್ತಿದ್ದೇ ತಡ ದಾಕ್ಷಾಯಿಣಿಗೆ ಬೆಳಿಗ್ಗೆಯಿಂದ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲ ಎನ್ನುವುದು ನೆನಪಾಯಿತು, ಮನೆಯ ಬುಟ್ಟಿಯಲ್ಲಿ ನಿನ್ನೆಯ ಎರಡು ಖಡಕ್ ರೊಟ್ಟಿ ಇದ್ದವು, ತಿನ್ನಬಹುದಿತ್ತು, ಆದರೆ ಮಗಳು ಎದ್ದು ಕೂತಿದ್ದಳು, ಖಡಕ್ ರೊಟ್ಟಿ ಮುರಿದ ಶಬ್ದ ಎರಡು ಕೋಣೆ ದಾಟಿ ಹೋಗುತ್ತದೆ, ಹೋಗಿ ಆ ಹುಡುಗಿಯ ಕಿವಿಗೆ ಬೀಳುತ್ತದೆ, ಅವಳು ಏನೂ ಅನ್ನುವುದಿಲ್ಲ, ಅನ್ನದೆ ಇರುವುದನ್ನೇ ಸಹಿಸಲಾಗುವುದಿಲ್ಲ. ಮನೆಯವರಿಗೆಲ್ಲ ಜೋಳ, ಕರುಳಿನ ಹುಣ್ಣಾದ ಮಗಳು ದಾನೇಶ್ವರಿಗೆ ಮಾತ್ರ ಜೋಳವಿಲ್ಲ, ಅಕ್ಕಿಯಿಲ್ಲ, ಗೋದಿಯಿಲ್ಲ, ಸಜ್ಜೆ ರಾಗಿ ರವೆ ಅವಲಕ್ಕಿ ಯಾವುದೂ ಇಲ್ಲ, ತೊಗರಿ ಇಲ್ಲ, ಕಡಲೆ ಇಲ್ಲ, ಹೆಸರು ಇಲ್ಲ, ಮಸೂರಿ ಬೇಳೆ ಒಂದಿಷ್ಟು, ಅದೂ ರಾತ್ರಿಯಿಡೀ ನೆನೆಸಿ ನೀರು ಚೆಲ್ಲಿ ಬೇಯಿಸಿದ್ದು. ಹಾಗಿದ್ದರೆ ನಾಳೆ ಬೆಳಿಗ್ಗೆಗೆ ಏನು — ಕುಂಬಳಕಾಯಿ ಬೇಯಿಸಿ ತುಪ್ಪ ಹಾಕುವುದು, ನಿನ್ನೆಯೂ ಅದೇ ಆಯಿತು ಮೊನ್ನೆಯೂ ಅದೇ, ಕಪ್ಪು ಚುಕ್ಕಿ ಬಿದ್ದ ಬಾಳೆಹಣ್ಣು, ಒಂದು ಹಗಲು ಒಂದು ರಾತ್ರಿ ಹೆಪ್ಪಿಟ್ಟ ಹುಳಿ ಮೊಸರು, ಮಧ್ಯಾಹ್ನಕ್ಕೆ ಹೂಕೋಸು ತುರಿದು ಅನ್ನದ ಹಾಗೆ, ಅನ್ನದ ಹಾಗೆ ಎಂದು ಯಾಕೆ ಅನ್ನಬೇಕು, ಮಗಳೇ ಕೇಳಿದ್ದಳು, ಅವ್ವಾ, ಹೂಕೋಸಿಗೆ ಹೂಕೋಸ ಅನ್ನು, ಅನ್ನ ಅಂದ್ರ ನನಗ ಸಿಟ್ಟ ಬರತೈತಿ. ಗಿರಣಿಯ ಹುಲಗೇಶ ಡಬ್ಬಿಯನ್ನು ಬಡಿದು ಹಿಟ್ಟು ಕೂರಿಸುತ್ತಿದ್ದಾನೆ, ಅವನಿಗೆ ಕೈಚೀಲದಲ್ಲಿರುವ ಬಾದಾಮಿಯ ಪೊಟ್ಟಣ ತೋರಿಸಿ, ಇದನ್ನ ಬೀಸಿಕೊಡತಿಯೇನಪಾ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟ, ಅಕ್ಕಾರ, ಇದು ಎಣ್ಣಿ ಬಿಡತೈತ್ರಿ, ಕಲ್ಲಿಗೆ ಮೆತ್ತಿಕೊಂಡ್ರ ಮುಂದಿನವರ ಜ್ವಾಳ ಎಲ್ಲಾ ಹಾಳಾಕ್ಕೈತಿ. ಅದೂ ಖರೆ. ಮುಂದಿನವರ ಜೋಳ ಯಾಕೆ ಹಾಳಾಗಬೇಕು, ಮಿಕ್ಸಿಗೆ ಹಾಕಿದರಾಯಿತು, ಒಂದು ಸುತ್ತು ತಿರುಗಿಸಿ ನಿಲ್ಲಿಸಿ, ಮತ್ತೊಂದು ಸುತ್ತು, ಜಾಸ್ತಿಯಾದರೆ ಹಿಟ್ಟು ಹೋಗಿ ಮುದ್ದೆಯಾಗುತ್ತದೆ, ಇದೆಲ್ಲ ಈಗ ಅವಳಿಗೆ ಬಾಯಿಪಾಠ.

ಡಬ್ಬಿ ಸೊಂಟಕ್ಕೆ ಇಟ್ಟುಕೊಂಡು ಗೋಪನಕೊಪ್ಪದ ಒಳರಸ್ತೆಗೆ ತಿರುಗಿದಳು, ಬಿಸಿಲು, ಚಪ್ಪಲಿಯ ಬಾರು ಸಡಿಲಾಗಿದೆ, ಎದುರಿಗೆ ಬಂದ ಯಾರೋ ದೂರದ ಸಂಬಂಧದ ಹೆಂಗಸು ಮಗಳು ಹೆಂಗದಾಳ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೇಳಿದಳು, ಸಾಬೂದಾಣಿ ಕೊಡ್ರಿ, ಅದು ಧಾನ್ಯ ಅಲ್ಲಲ್ಲ, ಉಪಾಸಕ್ಕ ತಿಂತಾರ. ಕೊಡುತ್ತೇನೆ ಎಂದು ತಲೆಯಾಡಿಸಿ ಮುಂದೆ ನಡೆದಳು, ಸಾಬೂದಾಣಿಯೂ ಇಲ್ಲ, ಬಟಾಟೆಯೂ ಇಲ್ಲ, ಸಕ್ಕರೆ ಬೆಲ್ಲವೂ ಇಲ್ಲ ಎಂದು ಎಷ್ಟು ಮಂದಿಗೆ ಹೇಳುವುದು, ಒಬ್ಬರು ಸಜ್ಜೆ ಅನ್ನುತ್ತಾರೆ, ಒಬ್ಬರು ಯಾವುದೋ ಸ್ವಾಮಿಗಳ ಬೇರಿನ ಪುಡಿ, ಇನ್ನೊಬ್ಬರು ಫೋನಿಗೆ ವಿಡಿಯೋ ಕಳಿಸುತ್ತಾರೆ, ಅದರಲ್ಲಿ ಚಂದದ ಅಡುಗೆಮನೆಯಲ್ಲಿ ನಗುವ ಹೆಂಗಸು ತೆಂಗಿನಹಿಟ್ಟಿನ ದೋಸೆ ಹೊಯ್ಯುತ್ತಾಳೆ, ಹೊಯ್ಯುವ ಮೊದಲು ಎರಡು ತತ್ತಿ ಒಡೆಯುತ್ತಾಳೆ, ಎಲ್ಲ ವಿಡಿಯೋದಲ್ಲೂ ಕೊನೆಗೆ ಬರುವುದು ಅದೇ. ಧಾರವಾಡದ ದವಾಖಾನೆಯಲ್ಲಿ ಊಟದ ಸಲಹೆ ಕೊಡುವ ರಾಜರತ್ನ ಮೇಡಮ್ಮೂ ಮೊನ್ನೆ ಅದನ್ನೇ ಹೇಳಿದ್ದು, ಮಗಳು ತೂಕದ ಯಂತ್ರದ ಮೇಲೆ ನಿಂತಿದ್ದಳು, ಮೂವತ್ತಾರು, ಇಪ್ಪತ್ತು ವರ್ಷದ ಹುಡುಗಿ ಮೂವತ್ತಾರು ಕಿಲೋ, ಕಾಲೇಜಿಗೆ ಹೋಗುತ್ತಿದ್ದಾಗಿನ ಚೂಡಿದಾರ ಈಗ ಗೂಟಕ್ಕೆ ಹಾಕಿದಂತೆ ತೂಗುತ್ತಿತ್ತು. ನೋಡ್ರಿ ದಾಕ್ಷಾಯಿಣಿಯವ್ರ, ಗುಳಗಿ ಅದರ ಪಾಡಿಗೆ ನಡೀಲಿ, ಕರುಳಿನ ಹುಣ್ಣು ಮಾಯಾಕತ್ತಾವು, ಆದ್ರ ಇಕಿ ಮೈಯಾಗ ಏನೂ ಹತ್ತವಲ್ದು, ಕಾಯಿಪಲ್ಲೆ ಮ್ಯಾಲೆ ಎಷ್ಟು ದಿನ, ತತ್ತಿ ಕೊಡ್ರಿ, ಮುಂದಿನ ಸಲ ಬರೂದ್ರಾಗ ತೂಕ ಏರಲಿಲ್ಲಂದ್ರ ಇಲ್ಲೇ ಇಟ್ಟಕೊಂಡು ಮೂಗಿನಾಗ ನಳಿಗಿ ಹಾಕಬೇಕಾಕ್ಕೈತಿ ಅಂತ ಡಾಕ್ಟರ್ ಹೇಳ್ಯಾರ. ನಾವು ಲಿಂಗ ಕಟ್ಟಿದ ಮಂದಿರಿ, ಎಂದು ಇವಳು ಮೆಲ್ಲಗೆ ಹೇಳಿದ್ದಕ್ಕೆ ಆ ಮೇಡಮ್ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಗೊತ್ತೈತ್ರಿ ಎಂದಷ್ಟೇ ಹೇಳಿ ತಾನೂ ನೆಲ ನೋಡಿದಳು. ಚಿಗರಿ ಬಸ್ಸಿನಲ್ಲಿ ವಾಪಸು ಬರುವಾಗ ನವನಗರ ದಾಟಿದ ಮೇಲೆ ಮಗಳೇ ಕಿಟಕಿಯ ಹೊರಗೆ ನೋಡುತ್ತ ಅಂದಳು, ಅವ್ವಾ, ಕಾಲೇಜಿನ್ಯಾಗ ನಾ ತತ್ತಿ ಪಫ್ ತಿಂದೇನಿ, ಒಂದ ಸಲ ಅಲ್ಲ, ಭಾಳ ಸಲ. ದಾಕ್ಷಾಯಿಣಿಗೆ ಬೈಯಬೇಕು ಎನಿಸಲಿಲ್ಲ, ಬೈಯಲು ಬೇಕಾದ ಶಕ್ತಿಯೂ ಇರಲಿಲ್ಲ, ಅವಳಿಗೆ ಅನಿಸಿದ್ದು ಇಷ್ಟೇ, ಆಗ ಇವಳ ಕೆನ್ನೆ ತುಂಬಿಕೊಂಡಿದ್ದವು.

ಆದರೆ ಅತ್ತೆ. ರತ್ನವ್ವ ಎಂದರೆ ಈ ಓಣಿಯಲ್ಲಿ ಎಲ್ಲರಿಗೂ ಗೊತ್ತು, ಎಪ್ಪತ್ತು ದಾಟಿದೆ, ಎರಡು ಹೊತ್ತು ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುವವರಲ್ಲ, ಮದುವೆ ಮನೆಯಲ್ಲಿ ಕೇಕು ಕೊಟ್ಟರೆ ತತ್ತಿ ಹಾಕಿರತಾರೇನೋ ಎಂದು ತಟ್ಟೆಯನ್ನೇ ದೂರ ಸರಿಸುವವರು, ಸೊಸೆಯನ್ನು ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಏರುದನಿಯಲ್ಲಿ ಮಾತಾಡಿಸಿದವರಲ್ಲ, ಅದೇ ಕಷ್ಟ, ಕೆಟ್ಟ ಅತ್ತೆಯಾಗಿದ್ದರೆ ಮುಚ್ಚಿಡುವುದು ಎಷ್ಟು ಸುಲಭವಿತ್ತು. ಶಿವರಾತ್ರಿ ಮುಗಿದ ವಾರ, ದಾಕ್ಷಾಯಿಣಿ ಬ್ಯಾಂಕಿಗೆ ಹೋದಾಗ, ಮೊಮ್ಮಗಳು ಹಸಿವು ಹಸಿವು ಎಂದು ಗೋಡೆಗೆ ತಲೆಯಾನಿಸಿ ಕೂತಿದ್ದನ್ನು ನೋಡಲಾರದೆ ಅವರು ಒಂದು ಬಟ್ಟಲು ಜೋಳದ ಅಂಬಲಿ ಕಾಸಿ ಮಜ್ಜಿಗೆ ಬೆರೆಸಿ ಕುಡಿಸಿದ್ದರು, ಇದರಾಗ ಏನೈತವಾ, ಬರೇ ನೀರ ಐತಿ, ಕುಡಿ, ಹುಡುಗಿಯೂ ಗಟಗಟ ಕುಡಿದಳು, ಕುಡಿಯದೆ ಏನು ಮಾಡಿಯಾಳು. ಮೂರು ದಿನ ರಕ್ತ ಹೋಯಿತು. ಆಟೋದಲ್ಲಿ ದವಾಖಾನೆಗೆ ಒಯ್ಯುವಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು, ನಾನ ಕೊಟ್ಟೆ, ನಾನ ಕೊಟ್ಟೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು, ಹಾಲು ಕೊಡಲು ಬಂದವನಿಗೂ ಹೇಳಿದರು. ಆಮೇಲೆ ಅವರು ಹುಡುಗಿಯ ಊಟದ ತಂಟೆಗೇ ಬರಲಿಲ್ಲ, ಅವಳ ಪಾತ್ರೆ ಯಾವುದು ಚಮಚ ಯಾವುದು ಎಂದು ಕೇಳಿ ಕೇಳಿ ದೂರವಿರುತ್ತಾರೆ, ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಎಷ್ಟು ತಿಂದಳು ಎಂದು ನೋಡುವುದು ಮಾತ್ರ ಬಿಟ್ಟಿಲ್ಲ. ನೋಡಲು ಏನಿರುತ್ತದೆ, ತತ್ತಿ ಹಾಕದ ಬಾದಾಮಿ ಹಿಟ್ಟು ಹಂಚಿನ ಮೇಲೆ ರೊಟ್ಟಿಯಾಗಿ ನಿಲ್ಲುವುದೇ ಇಲ್ಲ, ಮೊಸರು ಹಾಕಿ ನೋಡಿದಳು, ಬಾಳೆಹಣ್ಣು ಕಿವುಚಿ ನೋಡಿದಳು, ಅಗಸೆ ನೆನೆಸಿ ಹಾಕಿದರೆ ಹುಡುಗಿಯ ಹೊಟ್ಟೆ ಉಬ್ಬರಿಸಿತು, ತಿರುವಿ ಹಾಕಲು ಹೋದರೆ ನಾಲ್ಕು ಚೂರು, ಎತ್ತಿದರೆ ಹದಿನಾರು, ದಾನೇಶ್ವರಿ ಅದನ್ನು ಚಮಚದಿಂದ ಬಾಚಿ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾಳೆ, ಸಾಕವ್ವ, ಪುಡಿ ತಿಂದಂಗ ಆಗತೈತಿ.

ಗಂಡನಿಗೆ ಹೇಳಬೇಕೋ ಬೇಡವೋ ಎಂದು ಒಂದು ರಾತ್ರಿ ತೂಗಿ, ನಿನ್ನೆ ಬೆಳಿಗ್ಗೆ ಹೇಳಿದಳು. ಗುರುಬಸವ ಹತ್ತಿಯ ವ್ಯಾಪಾರದವನು, ಬೇರೆಯವರ ಜಗಳ ಬಿಡಿಸುವುದರಲ್ಲಿ ಹೆಸರಾದವನು, ಕೇಳಿಸಿಕೊಂಡು ಬೂಟಿನ ದಾರ ಕಟ್ಟುತ್ತಲೇ ಇದ್ದ, ಎರಡು ಸಲ ಬಿಚ್ಚಿ ಕಟ್ಟಿದ, ಆಮೇಲೆ ಅಂದ, ನೀ ನನಗ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ, ಮಾಡೂದು ಮಾಡು, ಅವ್ವಗ ಮಾತ್ರ ಗೊತ್ತಾಗಬಾರ್ದು. ಆಯಿತು, ಅದೂ ಅವಳದೇ ಕೆಲಸ, ಸಂಜೆ ಹೂಕೋಸು ತಂದ, ಒಂದಲ್ಲ ನಾಲ್ಕು, ಫ್ರಿಜ್ಜಿನಲ್ಲಿ ಜಾಗವಿಲ್ಲ. ಹಿತ್ತಲ ಗೋಡೆಯಾಚೆಯ ಕರೀಮಾಬಿಗೆ ಅವಳು ಹೇಳಬೇಕೆಂದು ಹೇಳಿದ್ದಲ್ಲ, ಬ್ಲೌಸು ಹೊಲಿಯುವ ಕರೀಮಾಬಿ ದಾನೇಶ್ವರಿಯ ಚೂಡಿದಾರ ಸಣ್ಣ ಮಾಡಿಕೊಡುವಾಗ ಅಳತೆಪಟ್ಟಿ ಹಿಡಿದು ನೋಡಿದಳು, ಪಟ್ಟಿಯನ್ನು ಮತ್ತೆ ಹಾಕಿ ನೋಡಿದಳು, ಹಿಂಗ್ಯಾಕ ದಾಕ್ಷಾಯಿಣಿ, ಎಂದಳು, ಆಗ ಎಲ್ಲ ಬಾಯಿಗೆ ಬಂದುಬಿಟ್ಟಿತು. ಇಷ್ಟ ಹೌದಿಲ್ಲೋ, ಎಂದಳು ಕರೀಮಾಬಿ, ನೀ ಹಿಟ್ಟು ತಗೊಂಡು ಬಾ, ತತ್ತಿ ನಮ್ಮ ಮನ್ಯಾಗ ಒಡಿತೇನಿ, ಸುಟ್ಟ ಕೊಡತೇನಿ, ನಿಮ್ಮ ಒಲಿಗೆ ಏನೂ ಹತ್ತೂದಿಲ್ಲ. ಕರೀಮಾಬಿ, ಇದು ಪಾಪ ಏನ, ಎಂದು ಕೇಳಿದ್ದಳು ದಾಕ್ಷಾಯಿಣಿ, ಕೇಳಿದ ಮೇಲೆ ನಾಚಿಕೆಯಾಯಿತು, ಅವಳ ಮನೆಯ ಊಟವನ್ನು ಅವಳೆದುರೇ ಪಾಪ ಅಂದ ಹಾಗಾಯಿತಲ್ಲ, ಆದರೆ ಕರೀಮಾಬಿ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ, ಬಾಯಲ್ಲಿ ದಾರ ಕಚ್ಚಿಕೊಂಡೇ ಯೋಚಿಸಿ ಹೇಳಿದಳು, ನನಗ ಗೊತ್ತಿಲ್ಲವಾ, ಹುಡುಗಿ ಮೊದಲ ಗುಂಡಗ ಆಗಲಿ, ಆಮ್ಯಾಲ ಇಬ್ಬರೂ ಕುಂತು ಕೇಳೋಣು.

ಮನೆಯಲ್ಲಿ ಮಿಕ್ಸಿ ನಿಂತಿತು, ಬಾದಾಮಿ ಹಿಟ್ಟಾಯಿತು, ಸ್ಟೀಲಿನ ಡಬ್ಬಿಗೆ ತುಂಬಿ ಸೆರಗಿನಡಿ ಹಿಡಿದು ಹಿತ್ತಲ ಬಾಗಿಲಿನಿಂದ ಹೊರಟಳು, ಅತ್ತೆ ಮಲಗಿದ್ದಾರೆ, ಮಧ್ಯಾಹ್ನದ ಸಣ್ಣ ನಿದ್ದೆ, ಮಲಗಿದವರ ಎದುರು ಹೆಜ್ಜೆ ಸಪ್ಪಳ ಮಾಡದೆ ನಡೆಯುವಾಗ ತಾನು ಏನನ್ನು ಕದಿಯುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ. ಕರೀಮಾಬಿಯ ಅಡುಗೆಮನೆಯ ಕಟ್ಟೆ ಆಗಷ್ಟೇ ತೊಳೆದದ್ದು, ಒದ್ದೆ ಹೊಳೆಯುತ್ತಿದೆ, ಒಲೆಯ ಮೇಲೆ ಕರಿ ಹೊಳಪಿನ ಸಣ್ಣ ಹಂಚು, ಇದು ಹೊಸಾದು, ಮಗಳ ಮದುವ್ಯಾಗ ಬಂದಿದ್ದು, ಅಟ್ಟದ ಮ್ಯಾಲೇ ಇತ್ತು, ಇದರ ಮ್ಯಾಲೆ ಈವರೆಗೆ ಏನೂ ಮಾಡಿಲ್ಲ, ಇನ್ನ ಮುಂದ ದಾನೇಶ್ವರಿಗೆ ಅಂತನ ಇಡತೇನಿ — ಹೀಗೆ ಹೇಳಿ ಅವಳು ತಿರುಗಿ ನೋಡಲಿಲ್ಲ, ನೋಡಿದ್ದರೆ ದಾಕ್ಷಾಯಿಣಿ ಅಳುತ್ತಿದ್ದಳೇನೋ, ಅಳಲು ಹೊತ್ತಿರಲಿಲ್ಲ, ಅತ್ತೆ ಏಳುತ್ತಾರೆ. ತತ್ತಿಯನ್ನು ಇಷ್ಟು ಹತ್ತಿರದಿಂದ ಅವಳು ನೋಡಿದ್ದೇ ಇಲ್ಲ, ಅಂಗಡಿಯಲ್ಲಿ ತಟ್ಟೆ ತಟ್ಟೆ ಪೇರಿಸಿಟ್ಟದ್ದನ್ನು ಕಂಡು ಆಚೆ ಸರಿದವಳು, ಕರೀಮಾಬಿ ಬಟ್ಟಲಿನ ಅಂಚಿಗೆ ತಟ್ಟಿದಳು, ಟಕ್, ಒಳಗಿನದು ಜಾರಿ ಬಿತ್ತು, ಹಳದಿ ಗುಂಡಗೆ ನಿಂತಿತು, ಇವಳು ಉಸಿರು ಬಿಗಿಹಿಡಿದು ನಿಂತಿದ್ದಳು, ಬಿಟ್ಟಾಗ ಅಂದುಕೊಂಡಂಥ ವಾಸನೆಯೇನೂ ಇರಲಿಲ್ಲ, ಇಷ್ಟೇ ಏನು, ಇಷ್ಟಕ್ಕೇ ಏನು ಎಂದು ಒಳಗೆ ಯಾರೋ ಕೇಳಿದರು, ಇನ್ಯಾರೋ ಬಾಯಿಮುಚ್ಚು ಎಂದರು. ಹಿಟ್ಟು ಹಿಡಿದುಕೊಂಡಿತು. ತಟ್ಟಿದರೆ ಅಗಲವಾಯಿತು, ಹಂಚಿಗೆ ಹಾಕಿದರೆ ಕೂತಿತು, ತಿರುವಿದರೆ ಇಡಿಯಾಗಿ ತಿರುಗಿತು, ಅಂಚಿನಲ್ಲಿ ಒಂದು ಬಿರುಕಿಲ್ಲ, ನಡುವೆ ಕಂದು ಚುಕ್ಕಿ, ತನ್ನ ಕಣ್ಣನ್ನು ನಂಬದೆ ದಾಕ್ಷಾಯಿಣಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು, ಇಷ್ಟು ತಿಂಗಳು ಚೂರು ಬಾಚಿದವಳಿಗೆ ಆ ಒಂದು ಇಡೀ ರೊಟ್ಟಿಯ ಬಿಸಿ ಅಂಗೈಗೆ ತಾಗಿ ಸುಖವಾಯಿತು, ಬರೀ ಸುಖ, ಅದರಲ್ಲಿ ಅಳುಕೇ ಇರಲಿಲ್ಲ, ಅಳುಕು ಮನೆಯ ಹಿತ್ತಲ ಬಾಗಿಲಿಗೆ ಬಂದ ಮೇಲೆ ಬಂತು.

ಸಂಜೆ ದೀಪ ಹಚ್ಚಿ ಆಯಿತು, ಅತ್ತೆಯ ಪೂಜೆ ಮುಗಿಯಿತು, ಹಣೆಯ ಮೇಲೆ ಹಸಿ ವಿಭೂತಿ, ಗಂಡ ಇನ್ನೂ ಬಂದಿಲ್ಲ, ಬೇಕೆಂದೇ ತಡಮಾಡುತ್ತಿದ್ದಾನೆ ಎಂದು ಅವಳಿಗೆ ಗೊತ್ತು. ಮಗಳ ತಟ್ಟೆಗೆ ಸೋರೆಕಾಯಿ ಪಲ್ಯ, ಮೊಸರು, ತುಪ್ಪ ಸವರಿದ ಎರಡು ರೊಟ್ಟಿ, ದಾನೇಶ್ವರಿ ಮುರಿದಳು, ರೊಟ್ಟಿಯಲ್ಲಿ ಪಲ್ಯ ಹಿಡಿದಳು, ಚಮಚವಿಲ್ಲದೆ, ಎಷ್ಟು ತಿಂಗಳ ಮೇಲೆ, ತಿಂದಳು, ಇನ್ನೊಂದು ತುತ್ತು ತಾನಾಗಿಯೇ ಮುರಿದಳು, ದಾಕ್ಷಾಯಿಣಿ ಸೌಟು ಹಿಡಿದು ಅಲ್ಲೇ ನಿಂತುಬಿಟ್ಟಿದ್ದಳು, ನಾಳೆಗೆ ಇನ್ನೂ ನಾಲ್ಕು ಮಾಡಿಸಬಹುದು, ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು, ವಾರದಲ್ಲಿ ಅರ್ಧ ಕಿಲೋ ಏರಿದರೂ ಸಾಕು, ಮೂಗಿನ ನಳಿಗೆ ತಪ್ಪೀತು. ಪಕ್ಕದಲ್ಲಿ ಕೂತ ರತ್ನವ್ವ ಬಗ್ಗಿ ನೋಡಿದರು, ಅಡಡಾ, ಹಿಡಕೊಂಡೈತಲ್ಲವಾ ಇವತ್ತ, ಅಂಚು ಸೈತ ಒಡದಿಲ್ಲ, ಹೆಂಗ ಮಾಡಿದಿ ದಾಕ್ಷಾಯಿಣಿ. ಮಾಡಿದೆನ್ರಿ ಎಂದಳು ಇವಳು. ಕೊನಿಗೂ ರೊಟ್ಟಿ ತಿಂದ್ಲು ನನ್ನ ಕೂಸು, ಒಂಚೂರು ನೋಡಲೇನವಾ ನಿನ್ನ ರೊಟ್ಟಿ, ಎಂದು ಅವರು ಮೊಮ್ಮಗಳ ತಟ್ಟೆಗೆ ಕೈ ಚಾಚಿದರು, ಮೂರು ಬೆರಳಲ್ಲಿ ಒಂದು ಮೂಲೆ ಮುರಿದರು. ದಾನೇಶ್ವರಿಯ ಅಗಿಯುವ ಬಾಯಿ ನಿಂತಿತು, ಕಣ್ಣು ತಾಯಿಯ ಕಡೆ ಬಂತು. ಸುಮ್ಮನಿದ್ದರೆ ಆಯಿತು, ಒಂದು ಗಳಿಗೆ ಸುಮ್ಮನಿದ್ದರೆ ಎಲ್ಲ ಮುಗಿಯುತ್ತದೆ, ಅವರಿಗೆ ಎಂದೂ ತಿಳಿಯುವುದಿಲ್ಲ, ತಿಳಿಯದೆ ತಿಂದರೆ ಅದು ಯಾವ ಲೆಕ್ಕ, ಸೌಟಿನಲ್ಲಿ ಪಲ್ಯ ಇದೆ, ಅದನ್ನು ತಟ್ಟೆಗೆ ಹಾಕುತ್ತ ಬೇರೆ ಕಡೆ ನೋಡಿದರೆ ಸಾಕು, ಹುಡುಗಿ ನಾಳೆಯೂ ತಿನ್ನುತ್ತಾಳೆ, ನಾಡಿದ್ದೂ ತಿನ್ನುತ್ತಾಳೆ, ಇವರು ಎಪ್ಪತ್ತು ವರ್ಷ ಕಾಯ್ದುಕೊಂಡು ಬಂದದ್ದು ಇವರ ಪಾಲಿಗೆ ಹಾಗೇ ಇರುತ್ತದೆ, ನನ್ನ ಪಾಲಿಗೆ ಮಾತ್ರ ಇರುವುದಿಲ್ಲ — ಅತ್ತೆಯ ಕೈ ಮೇಲೇರುತ್ತಿದೆ, ಎದೆ ದಾಟಿತು, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ದಾಟಿತು, ಗದ್ದದ ಹತ್ತಿರ ಬಂತು, ಬಾಯಿ ತೆರೆಯಿತು — ಅತ್ತಿ, ಬ್ಯಾಡ್ರಿ. ಯಾರು ಅಂದದ್ದು, ಅವಳೇ ಅಂದದ್ದು.

ಕೈ ಅಲ್ಲೇ ನಿಂತಿತು. ಯಾಕವಾ, ಎಂದರು ರತ್ನವ್ವ. ನಿಮಗ ಜೀರ್ಣ ಆಗೂದಿಲ್ರಿ ಎಂದು ಇವಳು ಅನ್ನಬಹುದಿತ್ತು, ಅಷ್ಟು ಸಣ್ಣ ಸುಳ್ಳೂ ಸಿಗಲಿಲ್ಲ. ಅವರು ಆ ಚೂರನ್ನು ಮೂಗಿನ ಹತ್ತಿರ ಒಯ್ದರು, ಮೂಸಿದರು, ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದರು, ಆ ಬಾಗಿಲು ಮುಚ್ಚಿತ್ತು, ಆಚೆ ಕರೀಮಾಬಿಯ ಮನೆಯ ಹೊಲಿಗೆ ಯಂತ್ರದ ಸದ್ದು ಸಣ್ಣಗೆ ಕೇಳುತ್ತಿತ್ತು. ಆಯೀ, ಎಂದು ಅಜ್ಜಿಯನ್ನು ಕರೆದಳು ದಾನೇಶ್ವರಿ, ಅವಳ ದನಿ ಐದು ವರ್ಷದ ಕೂಸಿನ ದನಿಯಾಗಿತ್ತು, ಆಯೀ, ನಾ ಬಿಡತೇನಿ, ತಿನ್ನೂದಿಲ್ಲ. ತಟ್ಟೆಯನ್ನು ಸರಿಸಲು ಹೋದಳು. ರತ್ನವ್ವ ಎಡಗೈಯಿಂದ ತಟ್ಟೆಯನ್ನು ಹಿಡಿದು ನಿಲ್ಲಿಸಿದರು, ಬಲಗೈಯ ಚೂರು ಇನ್ನೂ ಗಾಳಿಯಲ್ಲೇ ಇತ್ತು, ಅವರು ಅದನ್ನು ನೋಡಿದರು, ಹುಡುಗಿಯ ಕೊರಳೆಲುಬು ನೋಡಿದರು, ಆಮೇಲೆ ಆ ಕೈ ತಮ್ಮ ಬಾಯಿಂದ ತಿರುಗಿ ಮೊಮ್ಮಗಳ ಬಾಯಿಗೆ ಹೋಯಿತು. ಆಂ ಅನ್ನು, ಎಂದರು. ಹುಡುಗಿ ಬಾಯಿ ತೆರೆದಳು. ಅಗದು ತಿನ್ನವಾ, ಎಲ್ಲಾ ಖಾಲಿ ಆಗಬೇಕು ತಟ್ಟಿ, ಎಂದು ಹೇಳಿ ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋದರು, ನಳದ ಸದ್ದು ಶುರುವಾಯಿತು. ದಾನೇಶ್ವರಿ ಕಣ್ಣೀರು ಸುರಿಸುತ್ತಲೇ ತಿಂದಳು, ಎರಡೂ ರೊಟ್ಟಿ ತಿಂದಳು, ಪಲ್ಯ ಮುಗಿಸಿದಳು, ಬೆರಳಿನಿಂದ ಮೊಸರು ಬಾಚಿದಳು, ತಟ್ಟೆ ಖಾಲಿಯಾದರೂ ನಳದ ನೀರು ನಿಂತಿರಲಿಲ್ಲ.

ಬಂದಾಗ ಸೀರೆಯ ಅಂಚು ಒದ್ದೆಯಾಗಿತ್ತು. ಬಡಸಲೇನ್ರಿ ಅತ್ತಿ, ಎಂದು ಕೇಳಿದಳು ದಾಕ್ಷಾಯಿಣಿ, ಇವತ್ತ ಒಲ್ಲೆವಾ, ಹಸಿವಿಲ್ಲ, ಎಂದರು, ಪಡಸಾಲೆಯ ಮಂಚದ ಮೇಲೆ ಕೂತರು. ಆಮೇಲೆ ಗೋಡೆ ನೋಡುತ್ತ ಕೇಳಿದರು, ಕರೀಮಾಬಿ ಹಂಚಿನ ಮ್ಯಾಲೆ ಮಾಡ್ಯಾಳೇನು. ಹೌದ್ರಿ. ನಮ್ಮ ಹಂಚಿನ ಮ್ಯಾಲೆ ಬ್ಯಾಡ. ಇಲ್ರಿ ಅತ್ತಿ. ನಾಳಿಗೂ ಮಾಡಸ್ತೀಯೇನು, ಎಂದರು, ಆಮೇಲೆ ಅವರೇ ಹೇಳಿದರು, ಮಾಡಸು, ಹುಡುಗಿ ತಿಂತಾಳ. ಅಷ್ಟೇ. ಬೈದಿದ್ದರೆ ಬೈಗುಳ ಹೊತ್ತು ಒಳಗೆ ಹೋಗಬಹುದಿತ್ತು, ಕ್ಷಮಿಸಿದ್ದರೆ ಕಾಲು ಮುಟ್ಟಬಹುದಿತ್ತು, ಯಾವುದೂ ಅಲ್ಲದೆ ಅವರು ಸುಮ್ಮನೆ ಕೂತಿದ್ದಾರೆ, ದಾಕ್ಷಾಯಿಣಿ ಕಟ್ಟೆ ಒರೆಸಿದಳು, ತಟ್ಟೆ ತೊಳೆದಳು, ಫ್ರಿಜ್ಜು ತೆರೆದು ಮುಚ್ಚಿದಳು, ನಾಳೆ ಬೆಳಿಗ್ಗೆಗೆ — ಕುಂಬಳಕಾಯಿ ಇದೆ, ಅರ್ಧ ಇದೆ, ಬಾಳೆಹಣ್ಣು ಹಣ್ಣಾಗಿಲ್ಲ, ಮೊಸರಿಗೆ ಹಾಲು ಕಾಸಬೇಕು, ಕಾಸಿ ಆರಿಸಿ — ಪಡಸಾಲೆಯಲ್ಲಿ ಅತ್ತೆಯ ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿದೆ, ರೊಟ್ಟಿ ಮುರಿದ ಮೂರು ಬೆರಳು ಒಂದಕ್ಕೊಂದು ತಾಗದಂತೆ ಬಿಡಿಸಿ, ಸೀರೆಗೂ ತಾಗದಂತೆ, ಯಾರೋ ತಮ್ಮ ಕೈಯನ್ನು ಕಾಯಲು ಕೊಟ್ಟು ಹೋದ ಹಾಗೆ — ಹಾಲು ಕಾಸಬೇಕು, ಮಸೂರಿ ನೆನೆಹಾಕಬೇಕು, ಬೆಳಿಗ್ಗೆ ಒಂದು ಮಧ್ಯಾಹ್ನ ಎರಡು, ಹೂಕೋಸು ನಾಲ್ಕಿವೆ, ಅತ್ತೆಯ ಸೆರಗು ಜಾರಿತು, ಅವರು ಎಡಗೈಯಿಂದ ಎಳೆದುಕೊಂಡರು, ಬಲಗೈ ಅಲ್ಲೇ ಇದೆ, ಎದೆಯ ಮೇಲಿನ ಕರಡಿಗೆಗೆ ದೂರವಾಗಿ, ತೊಳೆದ ನೀರು ಬೆರಳ ತುದಿಯಲ್ಲಿ ಇನ್ನೂ ಆರಿಲ್ಲ, ನಾಳೆ ಬೆಳಿಗ್ಗೆಗೆ, ಬೆಳಿಗ್ಗೆಗೆ ಏನು, ಆ ಕೈ, ಬೆಳಿಗ್ಗೆಗೆ — ಆ ಕೈ.